ಹಾಡು ಅಣ್ಣನದು, ದನಿ ತಮ್ಮನದು: ಓಯಾಸಿಸ್ ಒಡೆದದ್ದೇಕೆ, ಕೂಡಿದ್ದೇಕೆ

2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಕೆಂಪು ಬಣ್ಣದ ಗಿಬ್ಸನ್ ಇಎಸ್-355 ಗಿಟಾರ್ ಒಂದು 3,85,500 ಯೂರೋಗೆ ಹರಾಜಾಯಿತು. ಮುರಿದುಹೋಗಿ, ಮತ್ತೆ ಜೋಡಿಸಿದ ಗಿಟಾರ್ ಅದು. ಮುರಿದದ್ದು 2009ರ ಆಗಸ್ಟ್ 28ರ ರಾತ್ರಿ, ಅದೇ ಊರಿನ ರಾಕ್ ಆನ್ ಸೆನ್ ಉತ್ಸವದ ವೇದಿಕೆಯ ಹಿಂದೆ, ಬ್ರಿಟನ್ನಿನ ರಾಕ್ ಬ್ಯಾಂಡ್ ಓಯಾಸಿಸ್‌ನ ಅಣ್ಣ ನೋಯಲ್ ಗ್ಯಾಲಗರ್ ಮತ್ತು ತಮ್ಮ ಲಿಯಾಮ್ ನಡುವೆ ನಡೆದ ಜಗಳದಲ್ಲಿ. ಕಾರ್ಯಕ್ರಮ ರದ್ದಾಯಿತು. ಲಿಯಾಮ್ ಜೊತೆ ಇನ್ನೊಂದು ದಿನವೂ ಕೆಲಸ ಮಾಡಲಾರೆ ಎಂದು ಅಂದೇ ರಾತ್ರಿ ಹೇಳಿಕೆ ಕೊಟ್ಟು ನೋಯಲ್ ಹೊರನಡೆದ. ಇಬ್ಬರೂ ಮತ್ತೆ ಒಂದೇ ವೇದಿಕೆ ಹತ್ತಿದ್ದು 2025ರ ಜುಲೈ 4ರಂದು, ಕಾರ್ಡಿಫ್‌ನಲ್ಲಿ.

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂದು ಗಾದೆ ಹೇಳಿ ಈ ಕಥೆ ಮುಗಿಸಿಬಿಡಬಹುದು. ಬ್ರಿಟನ್ನಿನ ಪತ್ರಿಕೆಗಳು ಮೂವತ್ತು ವರ್ಷ ಹೆಚ್ಚುಕಡಿಮೆ ಅದನ್ನೇ ಮಾಡಿದವು. ಆದರೆ ದಾಯಾದಿ ಜಗಳ ಎಂದ ಮೇಲೆ ಆಸ್ತಿ ಯಾವುದು, ಯಾರ ಹೆಸರಿನಲ್ಲಿದೆ ಎಂದು ನೋಡದಿದ್ದರೆ ಹೇಗೆ? ಓಯಾಸಿಸ್ ವಿಷಯದಲ್ಲಿ ಹಾಡುಗಳು ಒಬ್ಬನ ಹೆಸರಿನಲ್ಲಿವೆ, ಆ ಹಾಡುಗಳು ಜನರ ಕಿವಿಯಲ್ಲಿ ಉಳಿದಿರುವುದು ಇನ್ನೊಬ್ಬನ ಗಂಟಲಿನಲ್ಲಿ. ಬ್ಯಾಂಡ್ ಒಡೆದದ್ದಕ್ಕೂ ಮತ್ತೆ ಕೂಡಿದ್ದಕ್ಕೂ, 2024ರಲ್ಲಿ ಟಿಕೆಟ್ ಮಾರಾಟ ರಂಪವಾದದ್ದಕ್ಕೂ ಬೇರು ಅಲ್ಲಿದೆ.

ಮ್ಯಾಂಚೆಸ್ಟರ್‌ನ ಬರ್ನೇಜ್ ಬಡಾವಣೆಯ ಹುಡುಗರು ಇವರು. ನೋಯಲ್ 1967ರಲ್ಲಿ, ಲಿಯಾಮ್ 1972ರಲ್ಲಿ ಹುಟ್ಟಿದವರು. ತಂದೆ ತಾಯಿ ಐರ್ಲೆಂಡಿನಿಂದ ಬಂದವರು. ಬ್ಯಾಂಡ್ ಮೊದಲು ನೋಯಲ್‌ನದಾಗಿರಲಿಲ್ಲ. 'ದಿ ರೇನ್' ಎಂಬ ಹೆಸರಿನ ಗುಂಪಿಗೆ 1991ರಲ್ಲಿ ಲಿಯಾಮ್ ಹಾಡುಗಾರನಾಗಿ ಸೇರಿ ಹೆಸರು ಬದಲಿಸಿದ. ಗಿಟಾರಿಗೆ ಪಾಲ್ ಆರ್ಥರ್ಸ್ (ಎಲ್ಲರ ಬಾಯಲ್ಲಿ ಬೋನ್‌ಹೆಡ್), ಬೇಸ್‌ಗೆ ಪಾಲ್ ಮೆಕ್‌ಗಿಗನ್, ಡ್ರಮ್ಸ್‌ಗೆ ಟೋನಿ ಮೆಕ್ಯಾರಲ್. ಅಷ್ಟರಲ್ಲಿ ನೋಯಲ್ ಇನ್‌ಸ್ಪೈರಲ್ ಕಾರ್ಪೆಟ್ಸ್ ಬ್ಯಾಂಡಿನ ಸಾಮಾನು ಹೊತ್ತು, ತಂತಿ ಕಟ್ಟಿಕೊಡುತ್ತ ಊರೂರು ತಿರುಗುತ್ತಿದ್ದ. ಬರೆದಿಟ್ಟ ಹಾಡುಗಳು ಅವನ ಬಳಿ ಬೇಕಾದಷ್ಟಿದ್ದವು. ಹಾಡು ನನ್ನವು, ನಡೆಸುವವನೂ ನಾನೇ ಎಂಬ ಏರ್ಪಾಟಿನಲ್ಲಿ ಅವನು ಒಳಬಂದ. ಆಗ ಯಾರೂ ತಕರಾರು ತೆಗೆಯಲಿಲ್ಲ. ತೆಗೆಯುವಷ್ಟು ಗಂಟೂ ಅಲ್ಲಿರಲಿಲ್ಲ.

1993ರ ಮೇ 31ರಂದು ಗ್ಲಾಸ್ಗೋದ ಕಿಂಗ್ ಟಟ್ಸ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಕ್ರಿಯೇಷನ್ ರೆಕಾರ್ಡ್ಸ್ ಎಂಬ ಲೇಬಲ್ಲಿನ, ಅಂದರೆ ಹಾಡು ಮುದ್ರಿಸಿ ಮಾರುವ ಕಂಪನಿಯ, ಅಲನ್ ಮೆಗೀ ಇವರನ್ನು ಕೇಳಿ ಅಲ್ಲೇ ಒಪ್ಪಂದದ ಮಾತಾಡಿದ ಎಂಬುದು ಎಲ್ಲರೂ ಹೇಳುವ ಕಥೆ, ಮತ್ತು ನಿಜ. ಕಡಿಮೆ ಹೇಳುವ ಸಂಗತಿ ಎಂದರೆ, ಅದರ ಹಿಂದಿನ ವರ್ಷವೇ ಕ್ರಿಯೇಷನ್‌ನ ಶೇ 49 ಪಾಲು ಸೋನಿ ಕಂಪನಿಗೆ ಹೋಗಿತ್ತು. 'ಸ್ವತಂತ್ರ' ಲೇಬಲ್ಲಿನ ಹುಡುಗರ ಹಿಂದೆ ಜಗತ್ತಿಡೀ ಮಾರುವ ಯಂತ್ರ ಮೊದಲ ದಿನದಿಂದಲೇ ಇತ್ತು.

ಮೊದಲ ಆಲ್ಬಂ 'ಡೆಫಿನಿಟ್ಲಿ ಮೇಬಿ' ಬಂದ ದಾರಿ ಸ್ಟುಡಿಯೋ ಕೆಲಸ ಮಾಡುವವರು ಗಮನಿಸಬೇಕಾದದ್ದು. 1994ರ ಆರಂಭದಲ್ಲಿ ವೇಲ್ಸ್‌ನ ಮಾನೊ ವ್ಯಾಲಿ ಸ್ಟುಡಿಯೋದಲ್ಲಿ ನಿರ್ಮಾಪಕ ಡೇವ್ ಬ್ಯಾಚೆಲರ್ ರೆಕಾರ್ಡಿಂಗ್ ಮಾಡಿಸಿದ. ವಾದ್ಯಗಳನ್ನು ಬೇರೆ ಬೇರೆ ಇಟ್ಟು, ಒಂದರ ಸದ್ದು ಇನ್ನೊಂದರ ಮೈಕಿಗೆ ಬೀಳದಂತೆ ಹಿಡಿದದ್ದು. ಪುಸ್ತಕದ ಪ್ರಕಾರ ಸರಿಯಾದ ಕ್ರಮ, ಆದರೆ ಫಲ ತೆಳ್ಳಗೆ ಬಂತು. ಕಾರಣ ಈ ಬ್ಯಾಂಡಿನ ನುಡಿಸಾಣಿಕೆಯಲ್ಲೇ ಇದೆ. ಬೋನ್‌ಹೆಡ್ ನುಡಿಸುವುದು ಪೂರ್ತಿ ಬಾರ್ ಕಾರ್ಡ್‌ಗಳನ್ನು (ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯುವ ಸ್ವರಗುಚ್ಛ), ಬೇಸ್ ಹೆಚ್ಚಾಗಿ ಆ ಕಾರ್ಡಿನ ಮೂಲಸ್ವರವನ್ನೇ ಆವರ್ತಕ್ಕೆ ಎಂಟು ಸಲದಂತೆ ಬಾರಿಸುತ್ತದೆ, ಡ್ರಮ್ಸ್ ಸೀದಾ ನಡೆಯುತ್ತದೆ. ಬಿಡಿಬಿಡಿಯಾಗಿ ಕೇಳಿದರೆ ಇದರಲ್ಲಿ ವಿಶೇಷ ಏನೂ ಇಲ್ಲ. ಒಂದರ ಮೇಲೊಂದು ಬಿದ್ದು, ಒಂದರಲ್ಲೊಂದು ಸೋರಿದಾಗ ಮಾತ್ರ ಅದು ಗೋಡೆಯಾಗಿ ಎದ್ದು ನಿಲ್ಲುತ್ತದೆ.

ಆ ರೆಕಾರ್ಡಿಂಗ್‌ನಲ್ಲಿ 'ಸ್ಲೈಡ್ ಅವೇ' ಒಂದನ್ನು ಉಳಿಸಿ ಮಿಕ್ಕದ್ದನ್ನು ಕೈಬಿಟ್ಟರು. ಕಾರ್ನ್‌ವಾಲ್‌ನ ಸಾಮಿಲ್ಸ್ ಸ್ಟುಡಿಯೋದಲ್ಲಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ, ನಡುವೆ ಅಡ್ಡತಡೆ ಇಡದೆ, ಒಟ್ಟಿಗೆ ನುಡಿಸಿದರು. ಅದರ ಮೇಲೆ ನೋಯಲ್ ಗಿಟಾರ್ ಪದರಗಳನ್ನು ಪೇರಿಸಿದ. ಕೊನೆಗೆ ಮಿಕ್ಸಿಂಗ್‌ಗೆ ಓವನ್ ಮಾರಿಸ್ ಬಂದು ಆ ಪದರಗಳಲ್ಲಿ ಬಹಳಷ್ಟನ್ನು ಕಿತ್ತುಹಾಕಿ, ಉಳಿದದ್ದನ್ನು ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್‌ನಲ್ಲಿ ಬಿಗಿದು, ಪಬ್ಬಿನ ಜ್ಯೂಕ್‌ಬಾಕ್ಸ್‌ನಲ್ಲಿ ಹಿಂದಿನ ಹಾಡಿಗಿಂತ ಒಂದು ಕೈ ಹೆಚ್ಚೇ ಜೋರಾಗಿ ಕೇಳುವಂತೆ ಮಾಡಿದ. 1994ರ ಆಗಸ್ಟ್ ಕೊನೆಗೆ ಆಲ್ಬಂ ಹೊರಬಂದಾಗ ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಅಷ್ಟು ಬೇಗ ಮಾರಾಟವಾದ ಚೊಚ್ಚಲ ಆಲ್ಬಂ ಇನ್ನೊಂದಿರಲಿಲ್ಲ.

ಮರುವರ್ಷದ 'ಮಾರ್ನಿಂಗ್ ಗ್ಲೋರಿ' ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಆದದ್ದು. ಅದರ ನಡುವೆಯೇ ನೋಯಲ್ ತಮ್ಮನಿಗೆ ಕ್ರಿಕೆಟ್ ಬ್ಯಾಟಿನಿಂದ ಬಾರಿಸಿದ ಪ್ರಸಂಗವೂ ಆಯಿತು. ಮೊದಲ ವಾರದಲ್ಲಿ ಬ್ರಿಟನ್ನಿನಲ್ಲಿ 3,47,000 ಪ್ರತಿ ಹೋದವು. ಗಿಟಾರ್ ಕಲಿಯುವ ಯಾರೇ ಆದರೂ ಇಂದಿಗೂ ಮೊದಲ ತಿಂಗಳಲ್ಲೇ 'ವಂಡರ್‌ವಾಲ್'ಗೆ ಕೈಹಾಕುವುದಕ್ಕೆ ತಾಂತ್ರಿಕ ಕಾರಣವಿದೆ. ಗಿಟಾರಿನ ಕತ್ತಿನ ಮೇಲಿನ ಎರಡನೇ ಫ್ರೆಟ್‌ಗೆ, ಅಂದರೆ ಎರಡನೇ ಮನೆಗೆ, ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪಾದ ಕೇಪೋ ಹಾಕಿ. ಅಲ್ಲಿಂದ ಎಣಿಸಿ ಮೂರನೇ ಫ್ರೆಟ್‌ನಲ್ಲಿ ಕೆಳಗಿನ ಎರಡು ಸಣ್ಣ ತಂತಿಗಳ ಮೇಲೆ ಉಂಗುರ ಬೆರಳು, ಕಿರುಬೆರಳು ಊರಿ. ಇವೆರಡನ್ನು ಎತ್ತುವಂತಿಲ್ಲ. ತೋರುಬೆರಳು, ನಡುಬೆರಳು ಮಾತ್ರ ಜಾಗ ಬದಲಿಸುತ್ತ ನಾಲ್ಕು ಕಾರ್ಡ್‌ಗಳನ್ನು ಸುತ್ತುತ್ತವೆ. ಎರಡು ಸ್ವರಗಳು ಉದ್ದಕ್ಕೂ ಶ್ರುತಿಯಂತೆ ಮೊಳಗುತ್ತಲೇ ಇರುವುದರಿಂದ ಕಲಿಯುವವರ ಕೈ ಎಡವಿದರೂ ಅಪಸ್ವರ ಎದ್ದು ಕಾಣುವುದಿಲ್ಲ. ಹೊಸಬರಿಗೆ ಎಡವುವುದು ಬಲಗೈಯಲ್ಲಿ: ಆವರ್ತಕ್ಕೆ ಹದಿನಾರು ಹೊಡೆತದ ಲಯದಲ್ಲಿ ಕೈ ಮೇಲೆ ಕೆಳಗೆ ಓಡುತ್ತಲೇ ಇರಬೇಕು, ತಂತಿ ತಾಗದ ಹೊಡೆತಗಳಲ್ಲೂ ನಿಲ್ಲಬಾರದು. ನಿಲ್ಲಿಸಿದರೆ ಹಾಡು ಕುಂಟುತ್ತದೆ.

1996ರ ಆಗಸ್ಟ್ 10 ಮತ್ತು 11ರಂದು ಇಂಗ್ಲೆಂಡಿನ ನೆಬ್‌ವರ್ತ್ ಬಯಲಿನ ಕಛೇರಿಗಳಲ್ಲಿ ದಿನಕ್ಕೆ 1,25,000 ಜನ ಸೇರಿದರು. ಟಿಕೆಟ್ ಕೇಳಿದವರು 25 ಲಕ್ಷಕ್ಕೂ ಹೆಚ್ಚು. ಬಿರುಕು ಜಗಜ್ಜಾಹೀರಾದದ್ದೂ ಅದೇ ತಿಂಗಳು. ಆಗಸ್ಟ್ 23ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಎಂಟಿವಿಗಾಗಿ ಕಛೇರಿ. ಗಂಟಲು ಸರಿಯಿಲ್ಲ ಎಂದು ಲಿಯಾಮ್ ಹಾಡಲಿಲ್ಲ, ಆದರೆ ಬಾಲ್ಕನಿಯಲ್ಲಿ ಕೂತು ಅಣ್ಣ ಹಾಡುವುದನ್ನು ನೋಡುತ್ತ ಛೇಡಿಸಿದ. ಆ ದಿನದ ಧ್ವನಿಮುದ್ರಣ ಕೇಳಿದರೆ ನೋಯಲ್ ಸ್ವರಶುದ್ಧವಾಗಿ, ಲಕ್ಷಣವಾಗಿ ಹಾಡಿದ್ದಾನೆ. ಆದರೂ ಅದು ಓಯಾಸಿಸ್ ಅನ್ನಿಸುವುದಿಲ್ಲ. ಲಿಯಾಮ್ ಇಲ್ಲದೆ ತನ್ನದೇ ಹಾಡು ಎಷ್ಟು ಬೇರೆಯಾಗುತ್ತದೆ ಎಂಬುದು ಬರೆದವನಿಗೆ ತುಂಬಿದ ಸಭೆಯಲ್ಲೇ ಗೊತ್ತಾದ ಸಂಜೆ ಅದು.

1997ರ 'ಬಿ ಹಿಯರ್ ನೌ' ಬ್ರಿಟನ್ನಿನಲ್ಲಿ ಮೊದಲ ದಿನವೇ 4 ಲಕ್ಷದಾಚೆ ಮಾರಾಟವಾಯಿತು, ಕೆಲವೇ ತಿಂಗಳಲ್ಲಿ ಸೆಕೆಂಡ್‌ಹ್ಯಾಂಡ್ ಅಂಗಡಿಗಳ ಗೂಡು ಸೇರಿತು. ಕೊಕೇನ್ ಮತ್ತು ಅಹಂಕಾರವನ್ನು ದೂರುವುದು ವಾಡಿಕೆ. ಕಿವಿಗೆ ಕಾಣುವ ದೋಷ ಇನ್ನೂ ಸರಳ. ಮೊದಲ ಆಲ್ಬಂನಲ್ಲಿ ಮಾರಿಸ್ ಕಿತ್ತುಹಾಕಿದ್ದನ್ನು ಇಲ್ಲಿ ಯಾರೂ ಕಿತ್ತುಹಾಕಲಿಲ್ಲ. ಒಂದೇ ಕಂಪನಶ್ರೇಣಿಯಲ್ಲಿ ಗಿಟಾರ್ ಮೇಲೆ ಗಿಟಾರ್ ಹೇರಿದಾಗ ಬೇಸ್ ಮುಳುಗುತ್ತದೆ, ಹಾಡುಗಾರ ಕಿರುಚಬೇಕಾಗುತ್ತದೆ. ಒಟ್ಟು 70 ನಿಮಿಷಕ್ಕೂ ಮೀರಿದ ಆಲ್ಬಂ, ಒಂದು ಹಾಡಂತೂ ಒಂಬತ್ತು ನಿಮಿಷ ದಾಟುತ್ತದೆ. ಸಾಕು ಎನ್ನುವ ಅಧಿಕಾರ ನೋಯಲ್ ಒಬ್ಬನದು; ಅವನು ಸಾಕು ಎನ್ನಲಿಲ್ಲ.

ಆಸ್ತಿಯ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳಬೇಕು. ಒಂದು ಧ್ವನಿಮುದ್ರಿಕೆಯಲ್ಲಿ ಎರಡು ಹಕ್ಕುಗಳಿರುತ್ತವೆ. ರೆಕಾರ್ಡಿಂಗ್‌ನ ಹಕ್ಕಿನ ಹಣದಲ್ಲಿ ಲೇಬಲ್ಲಿಗೆ ಹೋದದ್ದು ಕಳೆದು, ಒಪ್ಪಂದದಂತೆ ನುಡಿಸಿದವರಿಗೆ ಪಾಲು. ಹಾಡಿನ, ಅಂದರೆ ಸಾಹಿತ್ಯ ಮತ್ತು ಮಟ್ಟಿನ ಹಕ್ಕಿನ ಹಣ ಬರೆದವನಿಗೆ ಮತ್ತು ಅವನ ಪ್ರಕಾಶಕರಿಗೆ. ಮೊದಲ ಮೂರು ಆಲ್ಬಂಗಳ ಬರಹ, ಅಲ್ಲಿಲ್ಲಿ ಸಾಲ ತಂದ ಮಟ್ಟು ಬಿಟ್ಟರೆ, ನೋಯಲ್‌ನದು. ರೇಡಿಯೋದಲ್ಲಿ, ಪಬ್ಬಿನಲ್ಲಿ, ಬೇರೆಯವರ ಕಛೇರಿಯಲ್ಲಿ ಆ ಹಾಡು ಕೇಳಿದಾಗಲೆಲ್ಲ ಅವನಿಗೆ ಹಣ. ಬ್ರಿಟನ್ನಿನ ಪಿಆರ್‌ಎಸ್ ಸಂಸ್ಥೆ ಕಛೇರಿಯ ಟಿಕೆಟ್ ಹಣದಲ್ಲಿ ಹಾಡು ಬರೆದವರಿಗಾಗಿ ವಸೂಲು ಮಾಡುವ ಪ್ರಕಟಿತ ದರ 2018ರಿಂದ ಶೇ 4.2, 100 ಪೌಂಡಿನ ಟಿಕೆಟ್ಟಿಗೆ 4 ಪೌಂಡ್ 20 ಪೆನ್ಸ್. ನಮ್ಮಲ್ಲಿ ಐಪಿಆರ್‌ಎಸ್ ಮಾಡುವುದೂ ಇದೇ ಕೆಲಸ. ಲಿಯಾಮ್ ವೇದಿಕೆ ಹತ್ತಿದರೆ ಸಂಪಾದನೆ. ಮನೆಯಲ್ಲಿ ಕೂತರೆ ಹಳೆಯ ರೆಕಾರ್ಡುಗಳ ಪಾಲು ಮಾತ್ರ. ನೋಯಲ್ ಮಲಗಿದ್ದರೂ ಹಾಡು ದುಡಿಯುತ್ತದೆ.

ಡ್ರಮ್ಸ್‌ನ ಮೆಕ್ಯಾರಲ್‌ನನ್ನು 1995ರಲ್ಲೇ ಹೊರಹಾಕಿದ್ದರು. ಅವನು ಮೊಕದ್ದಮೆ ಹೂಡಿ 1999ರಲ್ಲಿ 5,50,000 ಪೌಂಡ್ ಪಡೆದು ರಾಜಿಯಾದ. ಅದೇ ವರ್ಷ ಬೋನ್‌ಹೆಡ್, ಮೆಕ್‌ಗಿಗನ್ ತಾವಾಗಿಯೇ ಹೊರಟರು. ಜೆಮ್ ಆರ್ಚರ್, ಆಂಡಿ ಬೆಲ್ ಬಂದರು. ಇವರೂ ಹಾಡು ಬರೆಯುವವರು. ಲಿಯಾಮ್ ಕೂಡ ಬರೆಯತೊಡಗಿದ, ಅವನ 'ಸಾಂಗ್‌ಬರ್ಡ್' ಬ್ರಿಟನ್ ಪಟ್ಟಿಯಲ್ಲಿ 3ನೇ ಸ್ಥಾನದವರೆಗೆ ಹೋಯಿತು. 2000ದಿಂದ 2008ರವರೆಗಿನ ನಾಲ್ಕು ಆಲ್ಬಂಗಳಲ್ಲಿ ಬರಹ ಹಂಚಿಹೋಗುತ್ತ ಬಂತು. ಮನೆಯಲ್ಲಿ ಇದರಿಂದ ಶಾಂತಿ ನೆಲೆಸಬೇಕಿತ್ತು. ಆದದ್ದು ಉಲ್ಟಾ: ಒಬ್ಬನೇ ನಡೆಸುವ ಹಳೆಯ ಏರ್ಪಾಟು ಮುರಿದಿತ್ತು, ಹೊಸದೊಂದು ಕೂತಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನನ್ನ ಎಣಿಕೆಯಲ್ಲಿ ಪ್ಯಾರಿಸ್‌ನ ರಾತ್ರಿ ಕಾರಣವಲ್ಲ, ನೆಪ. ಹೊರಗೆ ಹೋದರೂ ಬದುಕಬಲ್ಲವನು ಹೊರಗೆ ಹೋದ.

ಆಮೇಲಿನ ಹದಿನೈದು ವರ್ಷ ಒಳ್ಳೆಯ ಪ್ರಯೋಗದಂತಿದೆ. ನೋಯಲ್‌ನ ಹೈ ಫ್ಲೈಯಿಂಗ್ ಬರ್ಡ್ಸ್‌ನ ಮೊದಲ ಮೂರು ಆಲ್ಬಂಗಳೂ ಬ್ರಿಟನ್ನಿನಲ್ಲಿ 1ನೇ ಸ್ಥಾನ ಕಂಡವು. ಉಳಿದವರನ್ನು ಕಟ್ಟಿಕೊಂಡು ಲಿಯಾಮ್ ಮಾಡಿದ ಬೀಡಿ ಐ 2014ಕ್ಕೆ ಮುಗಿಯಿತು. ಆದರೆ 2017ರಲ್ಲಿ ಒಬ್ಬನೇ ಮರಳಿದ ಲಿಯಾಮ್ 2022ರಲ್ಲಿ ನೆಬ್‌ವರ್ತನ್ನು ಎರಡು ದಿನ ತುಂಬಿಸಿದ. ಹಾಡಿದ್ದರಲ್ಲಿ ದೊಡ್ಡ ಪಾಲು ಓಯಾಸಿಸ್ ಹಾಡುಗಳೇ, ಅಂದರೆ ಅಣ್ಣನ ಹಾಡುಗಳು. ವೇದಿಕೆಯಲ್ಲಿ ಹಾಡುವುದಕ್ಕೆ ಪಿಆರ್‌ಎಸ್‌ನ ಸಾಮೂಹಿಕ ಪರವಾನಗಿ ಸಾಕು, ಬರೆದವನ ಒಪ್ಪಿಗೆ ಬೇಕಿಲ್ಲ. ಸಿನಿಮಾಕ್ಕೆ ಬೇಕು. ಹಾಗಾಗಿಯೇ ಲಿಯಾಮ್ ಕುರಿತ 2019ರ ಸಾಕ್ಷ್ಯಚಿತ್ರದಲ್ಲಿ ಓಯಾಸಿಸ್ ಹಾಡು ಒಂದೂ ಇಲ್ಲ, ನೋಯಲ್ ಕೊಡಲಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಹಣ ಮಾತ್ರ ನಿಲ್ಲದೆ ಹರಿಯುತ್ತಿತ್ತು: ತಮ್ಮ ಹಾಡಿದಷ್ಟೂ ಅಣ್ಣನ ಖಾತೆಗೆ. ಬೇರೆಯಾಗಿದ್ದಾಗ ಇಬ್ಬರೂ ಚೆನ್ನಾಗಿಯೇ ಇದ್ದರು, ಆದರೆ ಸಾಲು ಸಾಲು ಕ್ರೀಡಾಂಗಣಗಳು ತುಂಬಬೇಕಾದರೆ ಎರಡೂ ಅರ್ಧ ಬೇಕು ಎಂಬುದು 2022ರ ಹೊತ್ತಿಗೆ ಲೆಕ್ಕ ಬಲ್ಲವರಿಗೆಲ್ಲ ಗೊತ್ತಿತ್ತು.

2024ರ ಆಗಸ್ಟ್ 27ರಂದು ಓಯಾಸಿಸ್ ಮತ್ತೆ ಕೂಡಿ ಕಛೇರಿ ಕೊಡುವ ಪ್ರಕಟಣೆ ಬಂತು. ಆಗಸ್ಟ್ 31, ಶನಿವಾರ ಬೆಳಿಗ್ಗೆ ಟಿಕೆಟ್ ಮಾರಾಟ. ಸಂಘಟಕರ ಮಾತಿನಂತೆ 158 ದೇಶಗಳಿಂದ ಒಂದು ಕೋಟಿಗೂ ಹೆಚ್ಚು ಜನ ಆನ್‌ಲೈನ್ ಕ್ಯೂನಲ್ಲಿ ನಿಂತರು. ಆನ್‌ಲೈನ್ ಟಿಕೆಟ್ ಕಂಪನಿ ಟಿಕೆಟ್‌ಮಾಸ್ಟರ್ ಮಾರಿದ್ದು 9 ಲಕ್ಷ ದಾಟಿದ ಟಿಕೆಟ್. ಗಂಟೆಗಟ್ಟಲೆ ಕಾದವರು ಒಳಗೆ ಹೋದಾಗ, 150 ಪೌಂಡ್ ಆಸುಪಾಸು ಎಂದುಕೊಂಡಿದ್ದ ನಿಂತು ನೋಡುವ ಟಿಕೆಟ್ 355 ಪೌಂಡ್ ಆಗಿತ್ತು. ಕಾರ್ಟಿನಲ್ಲಿ ಗಡಿಯಾರ ಓಡುತ್ತಿದೆ; ಕೊಳ್ಳಬೇಕು, ಇಲ್ಲ ಬಿಡಬೇಕು.

ಆಗ ಎಲ್ಲರೂ ಬೈದದ್ದು 'ಡೈನಾಮಿಕ್ ಪ್ರೈಸಿಂಗ್' ಅನ್ನು, ವಿಮಾನದ ಟಿಕೆಟ್‌ನಂತೆ ಬೇಡಿಕೆ ನೋಡಿ ಕಂಪ್ಯೂಟರ್ ಕ್ಷಣಕ್ಷಣಕ್ಕೆ ದರ ಏರಿಸಿತು ಎಂದು. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ (ಸಿಎಂಎ) ತನಿಖೆ ಮಾಡಿದಾಗ ಹಾಗೆ ನಡೆದದ್ದಕ್ಕೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಇನ್ನೂ ಹಳೆಯ ಕಾಲದ ಕೈಚಳಕ. ಒಂದೇ ನೆಲ, ಒಂದೇ ನೋಟ ಇರುವ ನಿಲ್ಲುವ ಜಾಗಕ್ಕೆ ಮೊದಲೇ ಎರಡು ದರ ಗೊತ್ತುಮಾಡಿದ್ದರು. ಅಗ್ಗದ್ದು ಪೂರ್ತಿ ಖಾಲಿಯಾದ ಮೇಲೆ ದುಬಾರಿಯದನ್ನು ಬಿಟ್ಟರು. ಎರಡು ದರ ಇದೆ ಎಂದು ಕ್ಯೂನಲ್ಲಿದ್ದವರಿಗೆ ಹೇಳಲಿಲ್ಲ. ಇನ್ನೊಂದು, ಕೆಲವು ಸೀಟುಗಳಿಗೆ 'ಪ್ಲಾಟಿನಂ' ಎಂಬ ಹೆಸರಿಟ್ಟು ಅಂಥದ್ದೇ ಸಾಮಾನ್ಯ ಸೀಟಿನ ಸುಮಾರು ಎರಡೂವರೆ ಪಟ್ಟು ದರಕ್ಕೆ ಮಾರಿದರು. ಹೆಚ್ಚಿನ ಸೌಲಭ್ಯ ಏನೂ ಇರಲಿಲ್ಲ, ಇಲ್ಲವೆಂದು ಸರಿಯಾಗಿ ತಿಳಿಸಲೂ ಇಲ್ಲ.

ಬೇಡಿಕೆ ಇದ್ದಷ್ಟು ಬೆಲೆ, ತಪ್ಪೇನು ಎನ್ನುವವರಿದ್ದಾರೆ. ವಾದ ಪೂರ್ತಿ ಸುಳ್ಳಲ್ಲ. ಮುಖಬೆಲೆ ಕಡಿಮೆ ಇಟ್ಟರೆ ನಡುವಿನ ಲಾಭ ಬ್ಲ್ಯಾಕ್‌ನಲ್ಲಿ ಮಾರುವವರ ಜೇಬಿಗೆ ಹೋಗುತ್ತದೆ. ಅದು ಹಾಡುವವರಿಗೇ ಹೋಗಲಿ ಎನ್ನುವುದು ನ್ಯಾಯವೇ. ಆದರೆ ಬೆಲೆ ನೋಡಿ ಬೇಡ ಎನ್ನುವ ಅವಕಾಶ ಕ್ಯೂ ಸೇರುವ ಮುಂಚೆ ಇರಬೇಕು. ನಾಲ್ಕು ಗಂಟೆ ಕಳೆದವನು ಆ ನಾಲ್ಕು ಗಂಟೆಯ ಮುಖ ನೋಡಿಯೇ ಹಣ ಕಟ್ಟುತ್ತಾನೆ. ದರ ನಿಗದಿ ಸಂಘಟಕರಿಗೂ ಮ್ಯಾನೇಜ್‌ಮೆಂಟಿಗೂ ಬಿಟ್ಟದ್ದು, ಡೈನಾಮಿಕ್ ಪ್ರೈಸಿಂಗ್ ಬಳಸುತ್ತಾರೆಂದು ತಮಗೆ ತಿಳಿದಿರಲಿಲ್ಲ ಎಂದು ಬ್ಯಾಂಡ್ ಕೈತೊಳೆದುಕೊಂಡಿತು. ಉತ್ತರ ಅಮೆರಿಕದ ಕಛೇರಿಗಳಿಗೆ ಮಾತ್ರ ಅದನ್ನು ಬಳಸುವುದಿಲ್ಲವೆಂದು ಮುಂಚಿತವಾಗಿಯೇ ಸಾರಿತು. ಬೇಡ ಅನ್ನುವ ಅಧಿಕಾರ ಇದ್ದವರು ಒಮ್ಮೆ ಅನ್ನಲಿಲ್ಲ, ಇನ್ನೊಮ್ಮೆ ಅಂದರು, ಅಷ್ಟೆ.

2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಮಾಸ್ಟರ್ ಸಿಎಂಎಗೆ ಮುಚ್ಚಳಿಕೆ ಬರೆದುಕೊಟ್ಟಿತು: ಹಂತಹಂತದ ದರ ಇದ್ದರೆ 24 ಗಂಟೆ ಮೊದಲೇ ತಿಳಿಸಬೇಕು, ಕ್ಯೂನಲ್ಲಿರುವಾಗಲೇ ದರಗಳ ಮಾಹಿತಿ ಕೊಡಬೇಕು, ಹೆಚ್ಚಿನದೇನನ್ನೂ ಕೊಡದೆ ದೊಡ್ಡ ಹೆಸರಿಡಬಾರದು. ದಂಡ ಇಲ್ಲ. ನೇರವಾಗಿ ದಂಡ ಹಾಕುವ ಅಧಿಕಾರ ಸಿಎಂಎಗೆ ಬಂದದ್ದೇ 2025ರ ಏಪ್ರಿಲ್‌ನಲ್ಲಿ. ಈ ಮಾರಾಟ ಅದಕ್ಕೆ ಮೊದಲಿನದು. ನವೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಮೂಲ ಬೆಲೆಗಿಂತ ಹೆಚ್ಚಿಗೆ ಟಿಕೆಟ್ ಮರುಮಾರಾಟ ಮಾಡುವುದನ್ನೇ ನಿಷೇಧಿಸುವುದಾಗಿ ಪ್ರಕಟಿಸಿತು. ಮರುಮಾರಾಟಕ್ಕೆ ಕಡಿವಾಣ ಬಿದ್ದರೆ ಆ ಲಾಭ ಮಾಯವಾಗುವುದಿಲ್ಲ, ಮೊದಲ ಮಾರಾಟದ ಕಡೆಗೇ ಸರಿಯುತ್ತದೆ. ಮುಖಬೆಲೆ ಇನ್ನಷ್ಟು ಏರುವ ಸಾಧ್ಯತೆಯೇ ಹೆಚ್ಚು. ಕೊಂಡವರ ಹೆಸರಿರುವ ಟಿಕೆಟ್, ಗೇಟಿನಲ್ಲಿ ಗುರುತಿನ ಚೀಟಿ ಎನ್ನುವ ಇನ್ನೊಂದು ದಾರಿಯಿದೆ. 80,000 ಜನರನ್ನು ಒಂದು ಸಂಜೆಯಲ್ಲಿ ಒಳಬಿಡಬೇಕಾದವರಿಗೆ ಅದು ತಲೆನೋವು, ಹಾಗಾಗಿ ಅದರತ್ತ ಯಾರಿಗೂ ಉತ್ಸಾಹವಿಲ್ಲ.

ಓಯಾಸಿಸ್ ಸುತ್ತಾಟದಲ್ಲಿ ಭಾರತ ಇರಲಿಲ್ಲ, ಆದರೆ ಅದೇ ನಾಟಕದ ಇನ್ನೊಂದು ಪ್ರಯೋಗ ಮೂರೇ ವಾರದಲ್ಲಿ ಇಲ್ಲೂ ನಡೆಯಿತು. 2024ರ ಸೆಪ್ಟೆಂಬರ್ 22ರಂದು ಮುಂಬೈಯ ಕೋಲ್ಡ್‌ಪ್ಲೇ ಕಛೇರಿಗೆ ಟಿಕೆಟ್ ಬಿಟ್ಟಾಗ 2,500 ರೂಪಾಯಿಯಿಂದ 35,000 ರೂಪಾಯಿವರೆಗಿನ ಟಿಕೆಟ್‌ಗಳು ಮರುಮಾರಾಟದಲ್ಲಿ ಲಕ್ಷಗಳಲ್ಲಿ ಕಾಣಿಸಿಕೊಂಡವು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಶೋಧ ನಡೆಸಿದ ಐದು ನಗರಗಳಲ್ಲಿ ಬೆಂಗಳೂರೂ ಒಂದು. ನಿಯಂತ್ರಣ ಕೋರಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು, ಇದು ಕಾನೂನು ಮಾಡುವವರ ಕೆಲಸ ಎಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ಅರಮನೆ ಮೈದಾನದ ಮುಂದಿನ ದೊಡ್ಡ ಕಛೇರಿಗೆ ಆ್ಯಪ್ ತೆರೆದು ಕೂರುವವರಿಗೆ ಸದ್ಯ ಇರುವ ರಕ್ಷಣೆ ತಮ್ಮ ಎಚ್ಚರ ಮಾತ್ರ: ಕಾರ್ಟಿಗೆ ಹೋಗುವ ಮುನ್ನವೇ ತಮ್ಮ ಗರಿಷ್ಠ ದರ ನಿಶ್ಚಯಿಸಿಕೊಳ್ಳುವುದು, ಟಿಕೆಟ್ ದರ್ಜೆಯ ಹೆಸರನ್ನಲ್ಲ, ಮೈದಾನದ ನಕ್ಷೆಯಲ್ಲಿ ಜಾಗವನ್ನು ನೋಡುವುದು, ಮಾರಾಟ ಶುರುವಾಗುವ ಮೊದಲೇ ಮರುಮಾರಾಟದ ತಾಣದಲ್ಲಿ ಕಾಣುವ ಟಿಕೆಟನ್ನು ನಂಬದಿರುವುದು. ಕೊನೆಯದು ಮಾರುವವನ ಕೈಯಲ್ಲೇ ಇನ್ನೂ ಇಲ್ಲದ ಟಿಕೆಟ್.

ಕಛೇರಿಗಳ ವಿಷಯಕ್ಕೆ ಬಂದರೆ, ಕಾರ್ಡಿಫ್‌ನಿಂದ ಸಾವೊ ಪಾಲೊವರೆಗೆ ಒಟ್ಟು 41. ಪ್ರತಿ ರಾತ್ರಿ 23 ಹಾಡು, ಕ್ರಮ ಹೆಚ್ಚುಕಡಿಮೆ ಅದೇ. ನಡುವೆ ಮೂರು ಹಾಡು ನೋಯಲ್‌ನದು, ಅಷ್ಟು ಹೊತ್ತು ಲಿಯಾಮ್ ಗಂಟಲಿಗೆ ವಿಶ್ರಾಂತಿ. ಐವತ್ತು ದಾಟಿದ, ಎದೆಯಿಂದ ಒತ್ತಿ ಹಾಡುವ ಗಾಯಕನಿಗೆ ಎರಡು ಗಂಟೆಯ ಕಛೇರಿಯಲ್ಲಿ ಈ ವಿರಾಮ ಅತ್ಯಗತ್ಯ, 1990ರ ದಶಕದಲ್ಲಿ ಗಂಟಲು ಕೈಕೊಟ್ಟು ರದ್ದಾದ ಕಾರ್ಯಕ್ರಮಗಳ ಪಟ್ಟಿ ನೋಡಿದವರಿಗೆ ಅದು ಅರ್ಥವಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಗಾಗಿ ಬೋನ್‌ಹೆಡ್ ಏಷ್ಯಾ, ಆಸ್ಟ್ರೇಲಿಯಾದ ಕಛೇರಿಗಳಿಂದ ಹೊರಗಿದ್ದ. ಜನ ಅವನನ್ನು ನೆನೆದರು, ಕಛೇರಿ ನಡೆಯಿತು. ಅಣ್ಣತಮ್ಮಂದಿರಲ್ಲಿ ಒಬ್ಬ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ.

ಆ 23ರಲ್ಲಿ 1997ರ ನಂತರದ್ದು 2002ರ 'ಲಿಟಲ್ ಬೈ ಲಿಟಲ್' ಒಂದೇ, ಅದನ್ನು ಹಾಡುವುದೂ ನೋಯಲ್. ಲಿಯಾಮ್ ಬರೆದದ್ದು ಒಂದೂ ಇಲ್ಲ, ಆರ್ಚರ್ ಮತ್ತು ಬೆಲ್ ಬರೆದದ್ದೂ ಇಲ್ಲ. ಮೊದಲ ಹಾಡು 'ಹಲೋ'ದ ಬರಹಗಾರರ ಪಟ್ಟಿಯಲ್ಲಿ ಗ್ಯಾರಿ ಗ್ಲಿಟರ್ ಹೆಸರಿದೆ, 'ವಾಟೆವರ್'ನಲ್ಲಿ ನೀಲ್ ಇನ್ಸ್ ಹೆಸರಿದೆ. ಎರಡೂ ಅವರ ಹಳೆಯ ಹಾಡುಗಳ ಮಟ್ಟು ಇಣುಕಿದ್ದಕ್ಕೆ. ಮಿಕ್ಕಂತೆ ಪಟ್ಟಿ ನೋಯಲ್‌ನದು. ಅಂದರೆ 1991ರ ಏರ್ಪಾಟನ್ನೇ ಹಾಗೆಯೇ ಎತ್ತಿ ವೇದಿಕೆಯ ಮೇಲಿಟ್ಟಿದ್ದಾರೆ: ಬರೆದವನು ಅಣ್ಣ, ಹಾಡುವವನು ತಮ್ಮ, ನಡುವಿನ ಹತ್ತು ವರ್ಷದ ಹಂಚಿಕೆಯ ಪ್ರಯತ್ನ ನಡೆದೇ ಇಲ್ಲವೆಂಬಂತೆ. ನವೆಂಬರ್ 23ರಂದು ಸಾವೊ ಪಾಲೊದಲ್ಲಿ ಕೊನೆಯ ಕಛೇರಿ ಮುಗಿದ ಮೇಲೆ ಬ್ಯಾಂಡ್ ಸದ್ಯಕ್ಕೆ ವಿರಾಮ ಎಂದಿತು. ಹೊಸ ಆಲ್ಬಂ ಯಾವಾಗ ಎಂದು ಕೇಳುವವರು ಮೊದಲು ಕೇಳಬೇಕಾದದ್ದು, ಅದರಲ್ಲಿ ಲಿಯಾಮ್ ಬರೆದ ಹಾಡು ಎಷ್ಟಿರುತ್ತವೆ ಎಂದು.